ಒಂದು ಗೇಣು ಕಮ್ಮಿ

ಫೆಬ್ರವರಿ 9

ಅಕ್ಕಾ,

ಕೈಯಲ್ಲಿ ಬರಿಯೋಕೆ ಕೂತ್ರೆ ನಾನು ನಾಲ್ಕು ಸಾಲು ದಾಟಲ್ಲ ಅಂತ ನಿಂಗೊತ್ತು. ಅದಕ್ಕೆ ಬಾಯಲ್ಲಿ ಹೇಳ್ತಾ ಇದೀನಿ, ಫೋನು ಬರ್ಕೊಳ್ತಾ ಇದೆ, ಅದನ್ನೇ ಪ್ರಿಂಟ್ ಹಾಕಿ ಕಳಿಸ್ತೀನಿ. ಹಾಸ್ಟೆಲಲ್ಲಿ ದೀಪ ಆರಿಸಿದ ಮೇಲೆ ಫೋನಲ್ಲಿ ಮಾತಾಡಿದ್ರೆ ಹುಡುಗೀರೆಲ್ಲ ಕಿವಿ ನಿಮಿರಿಸ್ತಾರೆ ಅಂದ್ಯಲ್ಲ. ಈಗ ಓದ್ಕೋ, ಯಾರಿಗೂ ಕೇಳಲ್ಲ. ನಾನಂತೂ ಮೆಟ್ಟಿಲ ಮೇಲೆ ಕೂತು ಗೊಣಗ್ತಾ ಇದೀನಿ. ಒಳಗೆ ನನ್ನ ರೂಮಿನ ಬೇಕರಿಯವನು ಮಲಗಿದಾನೆ. ಅವನು ಮೂರು ಗಂಟೆಗೆ ಏಳ್ಬೇಕು, ಎಬ್ಬಿಸಿದ್ರೆ ಹಿಟ್ಟಿನ ಬದ್ಲು ನನ್ನ ನಾದ್ತಾನೆ.

ವಿಷಯ ಏನಪ್ಪಾ ಅಂದ್ರೆ, ನಿನ್ನ ತಮ್ಮ ದೊಡ್ಡ ಮನುಷ್ಯ ಆದ. ನಗಬೇಡ, ಪೂರ್ತಿ ಕೇಳು.

ಮೊದ್ಲೆಲ್ಲ ಕಟ್ಟಡದ ನಕ್ಷೆ ಸರಿ ಇದೆ ಅಂತ ಕಂಪನಿ ಮೊಹರು ಒತ್ತಿದ್ರೆ ಸಾಕಿತ್ತು. ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಕಂಪನಿಯವರು ಕಂಟ್ರಾಕ್ಟರ್ ಕಡೆ ಕೈ ತೋರ್ಸೋದು, ಅವರು ಇವರ ಕಡೆ ತೋರ್ಸೋದು. ಈಗ ಈ ದೇಶದಲ್ಲಿ ಕಾನೂನು ಬದಲಾಗಿದೆ. ಒಂದು ಕಟ್ಟಡಕ್ಕೆ ಒಬ್ಬ ಮನುಷ್ಯ. ಅವನ ಹೆಸರು, ಅವನ ಸಹಿ. ವಿನ್ಯಾಸ ನಿಯಮದ ಪ್ರಕಾರ ಇದ್ಯೋ ಇಲ್ವೋ ಅನ್ನೋದು ಅವನ ತಲೆ ಮೇಲೆ. ವಿನ್ಯಾಸದ ಹೊಣೆಗಾರ ಅಂತಾರೆ. ನಾವು ಈಗ ಮಾಡ್ತಿರೋದು ವಯಸ್ಸಾದವರ ವಸತಿಗೃಹ. ನಾಲ್ಕು ಮಹಡಿ, ಇಪ್ಪತ್ತೆಂಟು ಕೋಣೆ. ಅದರ ಹೊಣೆಗಾರ ನಾನು.

ನಮ್ಮ ಕಂಪನಿ ಯಜಮಾನರು ಕುರ್ಚಿ ತಿರುಗಿಸ್ಕೊಂಡು ಹೇಳಿದ್ರು, 'ನನ್ನ ಲೈಸೆನ್ಸು ತಣ್ಣಗಾಗಿದೆ ಕಣಯ್ಯಾ, ನಿಂದು ಇನ್ನೂ ಬಿಸಿ ಇದೆ. ನೀನೇ ಆಗು.' ಹನ್ನೊಂದು ಜನ ಇದಾರೆ ಆಫೀಸಲ್ಲಿ, ನನ್ನನ್ನೇ ಕರೆದ್ರು. ಅಲ್ಲೇ, ನಕ್ಷೆ ಎಲ್ಲ ಸರಿಯಿದೆ ಅನ್ನೋ ಹೊಣೆಪತ್ರಕ್ಕೆ ಸಹಿ ಹಾಕ್ದೆ. ಒಂದಲ್ಲ, ಐದು. ಇಲ್ಲಿ ಅದೇ ರೂಢಿ. ನಕ್ಷೆ ಮುಗಿದ ಮೇಲೆ ಹಾಕ್ಸಲ್ಲ, ಮೊದಲೇ ಹಾಕಿಸ್ಕೊಂಡು ಕಪಾಟಲ್ಲಿ ಇಡ್ತಾರೆ. ತಾರೀಕಿನ ಜಾಗ ಖಾಲಿ. ಕೊನೇ ದಿನ ಯಾರನ್ನೂ ಹುಡುಕೋ ಹಾಗಿರಬಾರ್ದು ನೋಡು, ಅದಕ್ಕೆ.

ಸೈಟಿನ ಗೇಟಲ್ಲಿ ಬೋರ್ಡು ಹಾಕಿದಾರೆ. ಅದರಲ್ಲಿ ನನ್ನ ಹೆಸರು ನನ್ನ ಮುಖದಷ್ಟು ದೊಡ್ಡದಿದೆ. ಫೋಟೋ ಕಳಿಸಿದೀನಿ. ನೀನು ಓದಿಸಿದ್ದು ದಂಡ ಆಗ್ಲಿಲ್ಲ ಅಂತ ಗೋಡೆಗೆ ಅಂಟಿಸ್ಕೋ.

ಬೋರ್ಡಿನಷ್ಟು ಉಬ್ಬಿರೋ
ನಿನ್ನ ತಮ್ಮ


ಫೆಬ್ರವರಿ 20

ಪ್ರೀತಿಯ ಮರಿ,

ಫೋಟೋ ನೋಡಿದೆ. ಗೋಡೆಗೆ ಅಂಟಿಸಲಿಲ್ಲ, ಹಾಜರಿ ಪುಸ್ತಕದ ಒಳಗಿಟ್ಟಿದ್ದೇನೆ. ದಿನಾ ಅದನ್ನು ತೆರೆಯುತ್ತೇನಲ್ಲ, ದಿನಾ ಕಾಣಿಸುತ್ತದೆ. ಎರಡನೇ ಮಹಡಿಯ ಹುಡುಗಿಯೊಬ್ಬಳು ಇಣುಕಿ, 'ಮೇಡಂ, ಇವರು ಯಾರು, ಚುನಾವಣೆಗೆ ನಿಂತಿದ್ದಾರಾ?' ಎಂದು ಕೇಳಿದಳು. ಹೌದಮ್ಮಾ, ಠೇವಣಿ ಉಳಿದರೆ ಸಾಕು ಎಂದೆ.

ನನ್ನ ಭಾಷೆ ನೋಡಿ ನಗಬೇಡ. ಹದಿನಾಲ್ಕು ವರ್ಷ ವಾರ್ಡನ್ ಆಗಿ ನೋಟಿಸು ಬರೆದೂ ಬರೆದೂ, ಪೆನ್ನು ಹಿಡಿದರೆ ಕೈ ತಾನಾಗಿಯೇ ನೆಟ್ಟಗಾಗುತ್ತದೆ. 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಎಂದು ಶುರು ಮಾಡದೇ ಇದ್ದದ್ದೇ ನಿನ್ನ ಪುಣ್ಯ.

ಸಂತೋಷವಾಯಿತು ಕಣೋ. ಅಡುಗೆಯವಳಿಗೂ ಹೇಳಿದೆ, ವಾಚ್‌ಮನ್‌ಗೂ ಹೇಳಿದೆ. ಆದರೆ ಒಂದು ಮಾತು ತಲೆಯಲ್ಲಿ ಕೂತಿದೆ. ಕಾಗದದಲ್ಲಿ 'ಎಲ್ಲ ಸರಿಯಿದೆ' ಎಂದು ಬರೆದಿರುತ್ತದೆ. ನೀನು ಸಹಿ ಹಾಕಿದಾಗ ಆ 'ಎಲ್ಲ' ಇನ್ನೂ ಹುಟ್ಟಿಯೇ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದವರನ್ನು ನೋಡಿದ್ದೇನೆ. ಕೂಸು ಆರೋಗ್ಯವಾಗಿದೆ ಎಂದು ಸರ್ಟಿಫಿಕೇಟು ಕೊಟ್ಟವನು ನೀನೇ ಮೊದಲು.

ಸರಿ, ನಾನು ಹಳೇ ಕಾಲದವಳು. ಹೊತ್ತಿಗೆ ಸರಿಯಾಗಿ ಉಣ್ಣು.

ಹೊಟ್ಟೆಕಿಚ್ಚಿಲ್ಲದ
ಅಕ್ಕ


ಏಪ್ರಿಲ್ 3

ಅಕ್ಕಾ,

ತಡ ಆಯ್ತು, ಬೈಬೇಡ. ಹೋದ ವಾರ ನಕ್ಷೆ ಎಲ್ಲ ಸರ್ಕಾರಿ ಕಚೇರಿಗೆ ಕೊಟ್ವಿ. ಹಿಂದಿನ ನಾಲ್ಕು ದಿನ ಆಫೀಸಲ್ಲೇ ಇದ್ದೆ, ಬೂಟು ಬಿಚ್ಚಿರಲಿಲ್ಲ.

ಕೊನೇ ಗಳಿಗೆಲಿ ಲಿಫ್ಟಿನ ಕಂಪನಿಯವರು ಕೈ ಕೊಟ್ರು. ಮಂಚ ಸಮೇತ ರೋಗೀನ ಸಾಗಿಸೋ ಲಿಫ್ಟು ಬೇಕು ಅಂದ್ರೆ ಅದರ ಗೂಡು ಇನ್ನೂ ಅಗಲ ಬೇಕಂತೆ. ಮೊದ್ಲೇ ಬೊಗಳಬಾರ್ದಾ. ಒಂದು ಕಡೆ ಪಕ್ಕದವರ ಗೋಡೆ, ಇನ್ನೊಂದು ಕಡೆ ಮೆಟ್ಟಿಲು. ಯಜಮಾನರು ಬಂದು ಹಿಂದೆ ನಿಂತು 'ಹೇಗಾದ್ರೂ ಕೂರ್ಸಪ್ಪಾ' ಅಂದು, ನನ್ನ ಹೆಗಲು ತಟ್ಟಿ ಮನೆಗೆ ಹೋದ್ರು. ಕೂರ್ಸಿದೆ. ಸಣ್ಣ ಹೊಂದಾಣಿಕೆ ಅಷ್ಟೇ. ಆಮೇಲೆ ಸರಿ ಮಾಡ್ಕೋಬಹುದು.

ಅದಿರ್ಲಿ, ಸುಮ್ನೆ ಕೇಳ್ತೀನಿ. ನಿಮ್ಮ ಹಾಸ್ಟೆಲಿನ ಮೆಟ್ಟಿಲು ಎಷ್ಟು ಅಗಲ ಇದೆ? ಎಷ್ಟು ಜನ ಅಕ್ಕಪಕ್ಕ ಇಳೀಬಹುದು?

ನಿದ್ದೆಗಣ್ಣಲ್ಲಿ,
ತಮ್ಮ


ಏಪ್ರಿಲ್ 12

ಮರಿ,

ನಿನ್ನ ಪ್ರಶ್ನೆಗಾಗಿ ಭಾನುವಾರ ಹುಡುಗಿಯರನ್ನೆಲ್ಲ ಕೆಲಸಕ್ಕೆ ಹಚ್ಚಿದೆ. ಹೊಲಿಗೆ ಕಲಿಯುವವಳ ಟೇಪು ತಂದು ಅಳೆದೆವು. ಗೋಡೆಯಿಂದ ಕೈಹಿಡಿಯ ಕಂಬಿಯವರೆಗೆ ನೂರಾ ಹದಿನೆಂಟು ಸೆಂಟಿಮೀಟರ್. ಇಬ್ಬಿಬ್ಬರನ್ನು ಇಳಿಸಿ ನೋಡಿದೆ, ಆರಾಮವಾಗಿ ಇಳಿದರು. ಆಮೇಲೆ ಇಬ್ಬರು ಇಳಿಯುವಾಗ ಒಬ್ಬಳನ್ನು ಕೆಳಗಿನಿಂದ ಟ್ರಂಕು ಹಿಡಿದು ಹತ್ತಿಸಿದೆ. ಮಧ್ಯದಲ್ಲಿ ಸಿಕ್ಕಿಕೊಂಡು, ನಕ್ಕೂ ನಕ್ಕೂ ಟ್ರಂಕೇ ಕೆಳಗುರುಳಿತು.

ಹಾಗಾಗಿ ನನ್ನ ಉತ್ತರ: ನಗುತ್ತಾ ಇದ್ದರೆ ಇಬ್ಬರು. ಹೆದರಿದರೆ ಒಬ್ಬಳಿಗೂ ಸಾಲದು.

ಯಾಕೆ ಕೇಳಿದೆ?

ಅಕ್ಕ


ನವೆಂಬರ್ 30

ಅಕ್ಕಾ,

ನಿನ್ನ ನಾಲ್ಕು ಕಾಗದಕ್ಕೂ ಉತ್ತರ ಬಾಕಿ ಇದೆ. ಗೊತ್ತು. ಕೆಲಸ ಕೆಲಸ ಕೆಲಸ.

ವಸತಿಗೃಹ ಮುಗೀತು. ಅಧಿಕಾರಿ ಬಂದು ಕಾಗದ ನೋಡಿದ್ರು, ಲಿಫ್ಟಲ್ಲಿ ಹತ್ತಿ ಇಳಿದ್ರು, ನಲ್ಲಿ ತಿರುಗಿಸಿ ನೋಡಿದ್ರು, ಸಹಿ ಹಾಕಿದ್ರು. ಜನ ಬಂದು ಇರೋಕೆ ಶುರು ಮಾಡಿದಾರೆ. ಮೂರನೇ ಮಹಡಿಲಿ ಒಬ್ಬ ಅಜ್ಜಿ ಇದಾರೆ. ಕಿಟಕಿಯಿಂದ ರೈಲು ಕಾಣುತ್ತೆ ಅಂತ ನನ್ನ ಕೈ ಹಿಡ್ಕೊಂಡು 'ಈ ಕಿಟಕಿ ಇಲ್ಲೇ ಇರ್ಲಿ ಅಂತ ಅಂದ್ಕೊಂಡವನು ನೀನೇನಾ' ಅಂತ ಕೇಳಿದ್ರು. ಹೌದು ಅಂದೆ. ನಿಜವಾಗ್ಲೂ ಅದನ್ನ ಇಟ್ಟಿದ್ದು ನಾನೇ.

ಎಲ್ಲರೂ ಅಭಿನಂದನೆ ಹೇಳಿದ್ರು. ನೀನು ಮತ್ತೆ ಮತ್ತೆ ಕೇಳ್ತೀಯಲ್ಲ, ಚೆನ್ನಾಗೇ ಇದೀನಿ.

ತಮ್ಮ


ಜನವರಿ 17

ಅಕ್ಕಾ,

ಇವತ್ತು ಯಾರ ಹತ್ರಾದ್ರೂ ಹೇಳ್ಲೇಬೇಕು. ಬೇಕರಿಯವನಿಗೆ ಹೇಳೋಣ ಅಂದ್ರೆ ಅವನು ನಿದ್ದೆಲಿದಾನೆ.

ನಿನ್ನೆ ವಸತಿಗೃಹದಲ್ಲಿ ಬೆಂಕಿ ಕವಾಯತು ಇತ್ತು. ನಿಜವಾದ ಬೆಂಕಿ ಅಲ್ಲ, ಅಭ್ಯಾಸ. ಗಂಟೆ ಹೊಡೀತಾರೆ, ಲಿಫ್ಟು ನಿಲ್ಲಿಸ್ತಾರೆ, ಎಲ್ಲರನ್ನೂ ಮೆಟ್ಟಿಲಲ್ಲಿ ಇಳಿಸ್ತಾರೆ. ಅಗ್ನಿಶಾಮಕದ ಅಧಿಕಾರಿ ಬಂದಿದ್ರು. ನನ್ನನ್ನ ಹೊಣೆಗಾರ ಅಂತ ಕರೆಸಿದ್ರು. ಹೆಲ್ಮೆಟ್ ಹಾಕ್ಕೊಂಡು ಎರಡನೇ ಮಹಡಿ ತಿರುವಲ್ಲಿ ನಿಂತಿದ್ದೆ.

ನಡೀಲಾರದವರನ್ನ ಇಳಿಸೋಕೆ ಒಂದು ಕುರ್ಚಿ ಇರುತ್ತೆ. ಮೆಟ್ಟಿಲ ಮೇಲೆ ಜಾರೋಕೆ ಕೆಳಗೆ ಪಟ್ಟಿ, ಹಿಂದೆ ಹಿಡಿ. ಒಬ್ಬರು ಹಿಂದೆ, ಒಬ್ಬರು ಪಕ್ಕದಲ್ಲಿ. ಕಿಟಕಿ ಅಜ್ಜೀನ ಅದರಲ್ಲಿ ಕೂರಿಸಿ ಮೂರನೇ ಮಹಡಿಯಿಂದ ಹೊರಟ್ರು. ತಿರುವಿಗೆ ಬಂದು ಸಿಕ್ಕಾಕಿಕೊಳ್ತು. ಹಿಂದಕ್ಕೂ ಬರ್ಲಿಲ್ಲ, ಮುಂದಕ್ಕೂ ಹೋಗ್ಲಿಲ್ಲ. ಪಕ್ಕದಲ್ಲಿದ್ದ ನರ್ಸು ಗೋಡೆಗೂ ಕುರ್ಚಿಗೂ ಮಧ್ಯೆ ಒತ್ತಿಹೋದ್ಲು. ಮೇಲಿನ ಮೆಟ್ಟಿಲ ಮೇಲೆ ಹನ್ನೊಂದು ಜನ ನಿಂತಿದ್ರು, ಕಂಬಿ ಗಟ್ಟಿಯಾಗಿ ಹಿಡ್ಕೊಂಡು. ನಲವತ್ತು ನಿಮಿಷ ಅಕ್ಕಾ. ಒಬ್ಬ ತಾತ ನಿಂತಲ್ಲೇ ಒದ್ದೆ ಮಾಡ್ಕೊಂಡ್ರು, ಎಲ್ಲರೂ ನೋಡೇ ಇಲ್ಲ ಅನ್ನೋ ಹಾಗೆ ನಟಿಸಿದ್ವಿ.

ಕೊನೆಗೆ ಅಜ್ಜೀನ ಎತ್ತಿ ಮೆಟ್ಟಿಲ ಮೇಲೆ ಕೂರಿಸಿ, ಕುರ್ಚಿ ಮಡಚಿ ತೆಗೆದ್ರು. ನಾನೇ ಅವರ ಒಂದು ತೋಳು ಹಿಡಿದಿದ್ದೆ. ಅವರು ನನ್ನ ಮುಖ ನೋಡಿ ಏನಂದ್ರು ಗೊತ್ತಾ? 'ಸಾರಿ ಮಗಾ, ತಪ್ಪು ತಿಳ್ಕೋಬೇಡ. ನಂದೇ ತಪ್ಪು. ನಾನು ತುಂಬಾ ದಪ್ಪ ಆಗ್ಬಿಟ್ಟಿದೀನಿ. ಎಲ್ಲರಿಗೂ ತೊಂದರೆ.'

ನಾನು 'ಪರವಾಗಿಲ್ಲ ಬಿಡಿ' ಅಂದೆ.

ಅಧಿಕಾರಿ ಟೇಪು ತೆಗೆದು ಅಳೆದ್ರು. ನೂರು ಸೆಂಟಿಮೀಟರ್. ನಿಯಮದ ಪ್ರಕಾರ ನೂರಿಪ್ಪತ್ತು ಇರ್ಬೇಕು. ನಕ್ಷೆಲಿ ನೂರಿಪ್ಪತ್ತು ಅಂತ ಸ್ಪಷ್ಟವಾಗೇ ಇದೆ, ಅವರೇ ನೋಡಿದ್ರು. ಕಟ್ಟಿದ ಮೇಸ್ತ್ರಿ ಒಂದು ಗೇಣು ನುಂಗಿಹಾಕಿದಾನೆ ಅಂತ ಯಜಮಾನರು ಅಂತಿದಾರೆ. ವಿಚಾರಣೆ ಆಗುತ್ತಂತೆ.

ತಲೆ ನೋಯ್ತಿದೆ. ಇಡ್ತೀನಿ.

ತಮ್ಮ


ಜನವರಿ 25

ಮರಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಆಮೇಲೆ ಎದ್ದು ಹೋಗಿ ಹಳೆಯ ಕಾಗದಗಳ ಕಟ್ಟು ಬಿಚ್ಚಿದೆ. ಏಪ್ರಿಲ್ ಮೂರನೇ ತಾರೀಕಿನದು ಸಿಕ್ಕಿತು.

ಆಗ ಮೇಸ್ತ್ರಿ ಇನ್ನೂ ಒಂದು ಇಟ್ಟಿಗೆಯನ್ನೂ ಇಟ್ಟಿರಲಿಲ್ಲ. ನೀನು ಮಾತ್ರ ಮೆಟ್ಟಿಲ ಅಗಲ ಕೇಳುತ್ತಿದ್ದೆ.

ನಾನು ಇದಕ್ಕಿಂತ ಹೆಚ್ಚು ಕೇಳುವುದಿಲ್ಲ. ಬದಲಿಗೆ ನನ್ನದೊಂದನ್ನು ಹೇಳುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ರಾತ್ರಿ ಒಂಬತ್ತಕ್ಕೆ ಎಲ್ಲರನ್ನೂ ಎಣಿಸಿ, ಪುಸ್ತಕಕ್ಕೆ ಸಹಿ ಹಾಕಿ, ಗೇಟಿಗೆ ಬೀಗ ಹಾಕಿಸಬೇಕು. ಅವತ್ತು ಸೊಂಟ ನೋವು. ಮೆಟ್ಟಿಲು ಹತ್ತದೆ, ಕೂತಲ್ಲೇ ಅರವತ್ತೆರಡು ಎಂದು ಬರೆದೆ. ಅರವತ್ತೆರಡನೆಯವಳು ಗೇಟಿನ ಹೊರಗಿದ್ದಳು. ಒಳಗೆ ಬರಲಾಗದೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಬೆಳಗಿನವರೆಗೆ ಕೂತಿದ್ದಳು. ಅವಳಿಗೆ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದು ಅವಳು ಹೇಳಿದಳು. ನಾನೂ ಅದನ್ನೇ ನಂಬಿದೆ, ಅದೇ ನನಗೆ ಅನುಕೂಲವಾಗಿತ್ತು. ಬೆಳಿಗ್ಗೆ ಬಂದು ನನ್ನ ಮುಂದೆ ನಿಂತು, 'ಸಾರಿ ಮೇಡಂ, ನಾನೇ ತಡ ಮಾಡಿದೆ' ಎಂದಳು.

ನಾನು 'ಇನ್ನೊಂದು ಸಲ ಹೀಗೆ ಮಾಡಬೇಡ' ಎಂದೆ.

ಆ ತಿಂಗಳೇ ಅವಳು ಹಾಸ್ಟೆಲು ಬಿಟ್ಟಳು. ಎಲ್ಲಿದ್ದಾಳೋ ತಿಳಿಯದು. ತಿಳಿದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ.

ಉತ್ತರ ಬರೆಯಲೇಬೇಕು ಎಂದೇನಿಲ್ಲ.

ಅಕ್ಕ


ಫೆಬ್ರವರಿ 2

ಅಕ್ಕಾ,

ಇದನ್ನ ಆರು ಸಲ ಹೇಳಿ ಆರು ಸಲ ಅಳಿಸಿದೀನಿ. ಈ ಸಲ ಅಳಿಸಲ್ಲ.

ಕಂಪ್ಯೂಟರಲ್ಲಿ ಗೆರೆ ಎಳೆದ್ರೆ ಅದರ ಅಳತೆ ಅದೇ ಬರ್ಕೊಳ್ಳುತ್ತೆ. ಗೆರೆ ಸರಿಸಿದ್ರೆ ಅಂಕಿನೂ ಬದಲಾಗುತ್ತೆ. ಸುಳ್ಳು ಹೇಳೋಕೆ ಬರಲ್ಲ ಅದಕ್ಕೆ. ಆದ್ರೆ ಆ ಅಂಕಿ ಮೇಲೆ ಎರಡು ಸಲ ಒತ್ತಿದ್ರೆ ಅದನ್ನ ಅಳಿಸಿ ನಮಗೆ ಬೇಕಾದ್ದು ಬರೀಬಹುದು. ಲಿಫ್ಟಿನ ಗೂಡಿಗೆ ಜಾಗ ಮಾಡೋಕೆ ಮೆಟ್ಟಿಲ ಗೋಡೆ ಇಪ್ಪತ್ತು ಸೆಂಟಿಮೀಟರ್ ಸರಿಸ್ದೆ. ಅಂಕಿ ನೂರು ಅಂತ ತೋರಿಸ್ತು. ಎರಡು ಸಲ ಒತ್ತಿ ನೂರಿಪ್ಪತ್ತು ಅಂತ ಬರ್ದೆ. ನಾಲ್ಕು ಮಹಡಿಗೆ ನಾಲ್ಕು ಸಲ. ಒಂದು ನಿಮಿಷನೂ ಹಿಡೀಲಿಲ್ಲ.

ಸರಿಯಾಗಿ ಮಾಡ್ಬೇಕು ಅಂದಿದ್ರೆ ಪ್ರತಿ ಮಹಡಿಲಿ ಒಂದು ಕೋಣೆ ಹೋಗ್ತಿತ್ತು, ಮೂರು ವಾರ ತಡ ಆಗ್ತಿತ್ತು. ಯಜಮಾನರಿಗೆ ಫೋನ್ ಮಾಡಿ 'ಕೂರಲ್ಲ ಸರ್' ಅನ್ನಬೇಕಿತ್ತು. ಆ ಎರಡು ಪದ ಬಾಯಿಗೆ ಬರ್ಲಿಲ್ಲ. ಬೋರ್ಡಲ್ಲಿ ಹೆಸರಿತ್ತಲ್ಲ. ಸಹಿ ಮಾಡಿದ ಹೊಣೆಪತ್ರ ಕಪಾಟಲ್ಲಿತ್ತು. ಬೆಳಿಗ್ಗೆ ಗುಮಾಸ್ತೆ ತಾರೀಕು ತುಂಬಿ ತಗೊಂಡು ಹೋದ್ಲು.

ಇಷ್ಟೇ ಆಗಿದ್ರೆ ಹೆಡ್ಡತನ ಅನ್ನಬಹುದಿತ್ತು. ಇನ್ನೂ ಇದೆ.

ಸೈಟಲ್ಲಿ ನಕ್ಷೆಯ ಗೆರೆನ ಯಂತ್ರಕ್ಕೆ ಹಾಕಿ, ಯಂತ್ರ ತೋರ್ಸಿದ ಕಡೆ ಗುರುತು ಮಾಡ್ತಾರೆ. ಯಂತ್ರ ಗೆರೆ ಓದುತ್ತೆ, ಅಂಕಿ ಓದಲ್ಲ. ಜೂನಲ್ಲಿ ಮೇಸ್ತ್ರಿ ನಂಗೆ ಫೋನ್ ಮಾಡಿದ. 'ಸರ್, ಕಾಗದದಲ್ಲಿ ನೂರಿಪ್ಪತ್ತು ಅಂತಿದೆ, ಯಂತ್ರ ನೂರಕ್ಕೆ ಗುರುತು ಹಾಕ್ತಿದೆ. ಯಾವುದು ಹಿಡೀಲಿ?' ಅಂದ. ನನ್ನ ವಯಸ್ಸಿನ ಮಗ ಇದಾನೆ ಅವನಿಗೆ. ಆದ್ರೂ ಸರ್ ಅಂತಾನೆ.

ಆಗ್ಲೂ ನಿಲ್ಲಿಸಬಹುದಿತ್ತು. ಗೋಡೆ ಎದ್ದಿರ್ಲಿಲ್ಲ.

'ಗೆರೆ ಹಿಡಿ' ಅಂದೆ.

'ಸರ್, ಒಂದು ಚೀಟಿಲಿ ಬರ್ದು ಕೊಡ್ತೀರಾ?'

'ನಾನು ಹೇಳ್ತಿಲ್ವೇನಯ್ಯಾ, ಕಟ್ಟು' ಅಂದೆ. ಯಜಮಾನರ ಧಾಟಿಲಿ ಅಂದೆ, ಅಕ್ಕಾ. ಆ ಧಾಟಿ ಎಲ್ಲಿಂದ ಬಂತೋ.

ಈಗ ವಿಚಾರಣೆ. ಕಾಗದ ನೂರಿಪ್ಪತ್ತು ಅನ್ನುತ್ತೆ, ಗೋಡೆ ನೂರು ಅನ್ನುತ್ತೆ. ಅಂದ್ಮೇಲೆ ತಪ್ಪು ಕಟ್ಟಿದವನದು. ಮೇಸ್ತ್ರಿ 'ನಾನು ಕೇಳಿದ್ದೆ, ಫೋನ್ ಮಾಡಿದ್ದೆ' ಅಂತ ಅಂದನಂತೆ. ಯಜಮಾನರು 'ಬರಹದಲ್ಲಿ ಇದ್ಯಾ?' ಅಂತ ಕೇಳಿದ್ರಂತೆ. ಇಲ್ಲ. ಅವನನ್ನ ಕೆಲಸದಿಂದ ನಿಲ್ಲಿಸಿದಾರೆ. ಮೊಕದ್ದಮೆ ಹಾಕ್ತಾರಂತೆ. ನಾನು ಬರ್ದ ಸುಳ್ಳು ಅಂಕಿ ನನ್ನನ್ನ ಕಾಪಾಡ್ತಾ ಇದೆ. ಅವನು ನಿಜ ಹೇಳಿದ್ದಕ್ಕೆ ನಗ್ತಾ ಇದಾರೆ.

ಇದೇ ಹದಿನಾಲ್ಕಕ್ಕೆ ಹೊಣೆಗಾರ ಲಿಖಿತ ಹೇಳಿಕೆ ಕೊಡ್ಬೇಕು. ಯಜಮಾನರು ಟೈಪ್ ಮಾಡಿಸಿ ಮೇಜಿನ ಮೇಲೆ ಇಟ್ಟಿದಾರೆ. 'ವಿನ್ಯಾಸ ನಿಯಮಬದ್ಧವಾಗಿತ್ತು. ನಿರ್ಮಾಣದಲ್ಲಿ ಲೋಪವಾಗಿದೆ. ಈ ಬಗ್ಗೆ ನನ್ನನ್ನು ಯಾರೂ ಸಂಪರ್ಕಿಸಿರಲಿಲ್ಲ.' ಕೆಳಗೆ ಸಹಿಗೆ ಜಾಗ. 'ಓದ್ಕೊಂಡು ಹಾಕಪ್ಪಾ, ಅವಸರ ಇಲ್ಲ' ಅಂದ್ರು. ಈ ಆಫೀಸಲ್ಲಿ ಮೊದಲ ಸಲ ಓದ್ಕೊಂಡು ಹಾಕು ಅಂದಿದಾರೆ.

ನಿಜ ಹೇಳಿದ್ರೆ ಲೈಸೆನ್ಸ್ ಹೋಗುತ್ತೆ. ಈ ದೇಶದಲ್ಲಿ ಇರೋಕೆ ಕೊಟ್ಟಿರೋ ಅನುಮತಿ ಕೆಲಸಕ್ಕೆ ಅಂಟಿದೆ, ಅದೂ ಹೋಗುತ್ತೆ. ನೀನು ಹತ್ತು ವರ್ಷ ಎರಡು ಸೀರೆಲಿ ಕಳೆದದ್ದು ಹೋಗುತ್ತೆ. ಏನು ಮಾಡ್ಲಿ ಹೇಳು. ನೀನು ಹೇಳಿದ್ದು ಮಾಡ್ತೀನಿ.

ತಮ್ಮ


ಫೆಬ್ರವರಿ 8

ಮರಿ,

ನನ್ನ ಸೀರೆಯನ್ನು ಈ ವಿಷಯಕ್ಕೆ ಎಳೆಯಬೇಡ. ನಿನ್ನನ್ನು ಓದಿಸಿದ್ದು ನನಗೆ ಬೇಕಿತ್ತು, ಓದಿಸಿದೆ. ಅದನ್ನು ಮೇಸ್ತ್ರಿಯ ತಲೆಯ ಮೇಲೆ ಹೊರಿಸಬೇಡ.

ಏನು ಮಾಡಲಿ ಎಂದು ಕೇಳಿದೆ. ಹೇಳುವುದಿಲ್ಲ. ನಾನು ಹೇಳಿದೆ ಎಂದು ನಿಜ ಹೇಳಿದರೆ, ನಾಳೆ ಕಷ್ಟ ಬಂದಾಗ 'ಅಕ್ಕ ಹೇಳಿದ್ದಕ್ಕೆ' ಎನ್ನುತ್ತೀಯ. ಯಜಮಾನರು ಹೇಳಿದ್ದಕ್ಕೆ ಕೂರಿಸಿದೆ ಎಂದ ಹಾಗೆಯೇ.

ಆಚೆ ಇದ್ದರೂ ಈಚೆ ಬಂದರೂ ನೀನು ನನ್ನ ತಮ್ಮ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.

ಕಾಗದ ಬರೆಯುವುದನ್ನು ನಿಲ್ಲಿಸಬೇಡ. ಕಳೆದ ವರ್ಷದ ಆ ಏಳೆಂಟು ತಿಂಗಳು ನನಗೆ ಸಾಕಾಗಿದೆ.

ಅಕ್ಕ


ಮಾರ್ಚ್ 21

ಅಕ್ಕಾ,

ಫೆಬ್ರವರಿ ಹದಿನಾಲ್ಕನೇ ತಾರೀಕು ಸಂಜೆವರೆಗೂ ಕಾಗದ ಮೇಜಿನ ಮೇಲೇ ಇತ್ತು. ನಾನು ಧೀರ ಏನಲ್ಲ. ಎರಡು ಸಲ ಪೆನ್ನು ತೆಗ್ದೆ, ಸಹಿಯ ಮೊದಲ ಅಕ್ಷರ ಬರ್ದೂ ಬಿಟ್ಟೆ. ಆಮೇಲೆ 'ಯಾರೂ ಸಂಪರ್ಕಿಸಿರಲಿಲ್ಲ' ಅನ್ನೋ ಸಾಲು ಕಣ್ಣಿಗೆ ಬಿತ್ತು. 'ಸರ್, ಒಂದು ಚೀಟಿಲಿ ಬರ್ದು ಕೊಡ್ತೀರಾ' ಅಂತ ಕೇಳಿದ್ದು ಕಿವಿಲೇ ಇತ್ತು. ಆ ಕಾಗದ ತಿರುಗಿಸಿ ಹಿಂದಿನ ಖಾಲಿ ಪುಟದಲ್ಲಿ ಕೈಯಲ್ಲಿ ಬರ್ದೆ. ನಾಲ್ಕು ಸಾಲು ದಾಟ್ತು. ಆಫೀಸಿಗೆ ಹೇಳದೆ ನಾನೇ ಹೋಗಿ ಸರ್ಕಾರಿ ಕಚೇರಿಲಿ ಕೊಟ್ಟೆ.

ವಿಚಾರಣೆ ದಿನ ಅಧಿಕಾರಿ ಕೇಳಿದ್ರು, 'ಅಂಕಿ ಬದಲಾಯಿಸೋಕೆ ಯಾರಾದ್ರೂ ಹೇಳಿದ್ರಾ?' ಯಜಮಾನರು ಎದುರಿಗೆ ಕೂತು ಉಗುರು ನೋಡ್ಕೊಳ್ತಿದ್ರು. ಕೂರ್ಸು ಅಂದಿದ್ರು ಅಂದೆ, ಅಂಕಿ ಬದಲಾಯ್ಸು ಅಂದಿರ್ಲಿಲ್ಲ ಅಂದೆ. ಅದು ಹಾಗೇ ಇದ್ದದ್ದು. ಮೊದಲೇ ಸಹಿ ಹಾಕಿಸ್ಕೊಳ್ಳೋ ರೂಢಿನೂ ಹೇಳ್ದೆ. ಕಪಾಟು ತೆರೆಸಿದ್ರು. ನನ್ನವು ನಾಲ್ಕು ಉಳಿದಿದ್ವು, ಬೇರೆಯವರದು ಹದಿನೇಳು.

ಲೈಸೆನ್ಸು ಮೂರು ವರ್ಷ ರದ್ದು. ದಂಡದ ವಿಷಯ ಇನ್ನೂ ನಡೀತಿದೆ. ಕೆಲಸ ಅವತ್ತೇ ಹೋಯ್ತು. ಇಲ್ಲಿ ಇರೋಕೆ ಅರವತ್ತು ದಿನ. ಮೇಸ್ತ್ರಿ ಮೇಲಿನ ಆಪಾದನೆ ಬಿದ್ದುಹೋಯ್ತು, ವಾಪಸ್ ಕೆಲಸಕ್ಕೆ ತಗೊಂಡಿದಾರೆ. ಹೊರಗಡೆ ಬಾಗಿಲಲ್ಲಿ ಸಿಕ್ಕ. ಕ್ಷಮೆ ಕೇಳೋಕೆ ಬಾಯಿ ತೆಗ್ದೆ. ಅವನು ಟೋಪಿ ಸರಿ ಮಾಡ್ಕೊಂಡು, 'ಫೋನ್ ಮಾಡಿದ್ದು ಈಗ ಜ್ಞಾಪಕ ಬಂತಾ ಸರ್' ಅಂದ. ನಿಲ್ಲಲಿಲ್ಲ, ಹೋದ.

ವಸತಿಗೃಹದ ಮೇಲಿನ ಎರಡು ಮಹಡಿ ಖಾಲಿ ಮಾಡಿಸಿದಾರೆ. ಹೊರಗಡೆಯಿಂದ ಹೊಸ ಮೆಟ್ಟಿಲು ಕಟ್ಟೋವರೆಗೆ ಅಲ್ಲಿ ಯಾರೂ ಇರೋ ಹಾಗಿಲ್ಲ. ಕೆಲವರನ್ನ ಬೇರೆ ಊರಿಗೆ ಕಳಿಸಿದ್ರು. ಕಿಟಕಿ ಅಜ್ಜೀನ ನೆಲಮಹಡಿಗೆ ಇಳಿಸಿ, ಇನ್ನೊಬ್ಬರ ಕೋಣೆಲಿ ಮಂಚ ಹಾಕ್ಕೊಟ್ಟಿದಾರೆ ಅಂತ ನರ್ಸು ಹೇಳಿದ್ಲು.

ನಿನ್ನೆ ಹೋದೆ. ನೀನು ಆ ಹುಡುಗಿ ವಿಷಯ ಬರ್ದಿರ್ಲಿಲ್ಲ ಅಂದಿದ್ರೆ ಹೋಗ್ತಿರ್ಲಿಲ್ಲ, ಆಣೆಗೂ. ಎರಡು ಸಲ ಬಾಗಿಲವರೆಗೆ ಹೋಗಿ ವಾಪಸ್ ಬಸ್ ನಿಲ್ದಾಣಕ್ಕೆ ಬಂದೆ. ಮೂರನೇ ಸಲ ಒಳಗೆ ಹೋದೆ.

ಸಣ್ಣ ಕೋಣೆ, ಎರಡು ಮಂಚ. ಕಿಟಕಿ ಹೊರಗೆ ತೊಳೆದ ಬಟ್ಟೆ ಸಾಗಿಸೋ ಗಾಡಿಗಳು. ಅಜ್ಜಿ ಕುರ್ಚಿಲಿ ಕೂತಿದ್ರು. ಗುರುತು ಹಿಡಿದು, 'ಬಾ ಮಗಾ, ಕೂತ್ಕೋ' ಅಂದ್ರು. ಕೂರ್ಲಿಲ್ಲ.

'ಅಜ್ಜಿ, ಅವತ್ತು ಕುರ್ಚಿ ಸಿಕ್ಕಾಕಿಕೊಂಡಿದ್ದು ನಿಮ್ಮಿಂದ ಅಲ್ಲ. ಮೆಟ್ಟಿಲು ಚಿಕ್ಕದಿತ್ತು. ಚಿಕ್ಕದು ಮಾಡಿದ್ದು ನಾನು' ಅಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ.

ಪಕ್ಕದ ಮಂಚದವರು ಟಿವಿ ಸದ್ದು ಕಮ್ಮಿ ಮಾಡಿದ್ರು.

'ಅಂದ್ರೆ, ನಾನು ಅವತ್ತು ಸಾರಿ ಕೇಳಿದಾಗ ನಿಂಗೆ ಗೊತ್ತಿತ್ತು.'

'ಗೊತ್ತಿತ್ತು.'

'ಪರವಾಗಿಲ್ಲ ಅಂದೆ ನೀನು.'

'ಹೌದು.'

ಅವರಿಗೆ ಸಡಿಲ ಆಗಿದ್ದ ಸ್ವೆಟರಿಗೆ ಪಕ್ಕದಲ್ಲಿ ಎರಡು ಪಿನ್ನು ಚುಚ್ಚಿ ಹಿಡಿಸಿದ್ರು. ನಾನು ಅದನ್ನೇ ನೋಡ್ತಿದ್ದೆ, ಮುಖ ನೋಡೋಕಾಗದೆ. ಅವರೂ ಬಗ್ಗಿ ಪಿನ್ನು ನೋಡ್ಕೊಂಡ್ರು.

'ಅವತ್ತಿಂದ ನಾನು ಒಂದೇ ಹೊತ್ತು ಉಣ್ತಾ ಇದೀನಿ' ಅಂದ್ರು.

ನಿನ್ನ ತಮ್ಮ